ನೋಡಿ ಹಾಕೀನಿ

ಮೇಸ್ತ್ರಿ ಹೋದ ಸುದ್ದಿ ನನಗೆ ತಿಳಿದದ್ದು ವಾಟ್ಸಾಪಿನಲ್ಲಿ. ನಮ್ಮ ವರ್ಕ್‌ಶಾಪಿನವರ ಹಳೆಯ ಗುಂಪೊಂದಿದೆ. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು, ಹಬ್ಬಕ್ಕೆ ದೀಪ, ಅಷ್ಟು ಬಿಟ್ಟರೆ ಅಲ್ಲಿ ಇನ್ನೇನೂ ಇರುವುದಿಲ್ಲ. ಆವತ್ತು ತೆರೆದರೆ ಸಾಲಾಗಿ ಕೈಮುಗಿದ ಚಿತ್ರಗಳು. ಅವರನ್ನು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದವರೇ ‘ಅಂಥ ಕೆಲಸಗಾರ ಇನ್ನು ಹುಟ್ಟಲ್ಲ’ ಅಂತ ಬರೆದಿದ್ದರು. ಓನರ್ ಅಂತೂ ‘ನಮ್ಮ ಸಂಸ್ಥೆಯ ಆಧಾರಸ್ತಂಭವೊಂದು ಕಳಚಿತು’ ಎಂದು ಹಾಕಿದ್ದರು. ಓದಿ ಮೈ ಉರಿದುಹೋಯಿತು. ಕಳಚಿತಂತೆ! ಆ ಕಂಬವನ್ನು ಕಿತ್ತು ಬೀದಿಗೆ ಹಾಕಿದವರು ಇವರೇ. ಕೀಳಲು ಹಾರೆ ಎತ್ತಿ ಕೊಟ್ಟವನು ನಾನು. ನಾನೂ ಒಂದು ಕೈಮುಗಿದ ಚಿತ್ರ ಒತ್ತಿ, ಆಮೇಲೆ ಅಳಿಸಿ, ಫೋನು ಮೇಜಿನ ಮೇಲೆ ಬೋರಲು ಹಾಕಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಒಮ್ಮೆ ಬಳಸಿಕೊಂಡದ್ದೇ ಸಾಕು. ಎಲ್ಲರಿಗೂ ಅವರು ಮೇಸ್ತ್ರಿ, ಅಷ್ಟೇ.

ವೈಟ್‌ಫೀಲ್ಡ್ ಕಡೆಯ ನಮ್ಮ ವರ್ಕ್‌ಶಾಪಿಗೆ ನಾನು ಸೇರಿದಾಗ ಅವರಿಗೆ ಆಗಲೇ ಐವತ್ತು ದಾಟಿತ್ತು. ನಾನು ಅಡ್ವೈಸರ್. ಅಂದರೆ ಕಸ್ಟಮರ್ ಹತ್ತಿರ ನಗುನಗುತ್ತ ಮಾತಾಡಿ, ಜಾಬ್ ಕಾರ್ಡ್ ಬರೆದು, ಕಾರನ್ನು ಒಳಗೆ ಕಳಿಸಿ, ಸಂಜೆ ತೊಳೆದು ಕೊಡುವವನು. ಮೇಸ್ತ್ರಿ ಒಳಗಿನವರು. ಕುಳ್ಳಗಿನ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್, ಮೊಣಕೈವರೆಗೆ ಮಡಚಿದ ಖಾಕಿ ಅಂಗಿ. ಅಂಗೈ ಎಷ್ಟು ತೊಳೆದರೂ ಕಪ್ಪು. ಆದರೆ ಬಲಗೈಯ ತೋರುಬೆರಳು ಮಾತ್ರ ಯಾವಾಗಲೂ ಸ್ವಚ್ಛ. ಪುಸ್ತಕ ಓದುವ ಬೆರಳು ಅದು. ಕಾರು ಬಂದ ಕೂಡಲೇ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು ಕಂಪನಿಯವರು ಕೊಟ್ಟ ಪುಸ್ತಕ ಹುಡುಕುವುದು, ಆ ಬೆರಳನ್ನು ಒರೆಸಿಕೊಂಡು ಇಂಗ್ಲಿಷ್ ಅಕ್ಷರಗಳ ಕೆಳಗೆ ಒಂದೊಂದಾಗಿ ಓಡಿಸುವುದು. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವರು. ಒಂದು ಪುಟಕ್ಕೆ ಅರ್ಧ ಗಂಟೆ. ನಾನು ಆಚೆ ನಿಂತು ಗಡಿಯಾರ ನೋಡುತ್ತ ಹಲ್ಲು ಕಡಿಯುತ್ತಿದ್ದೆ.

ಅವರದು ರಬಕವಿ ಕಡೆಯ ನೇಕಾರರ ಮನೆ. ಮಗ್ಗ ನಿಂತ ಮೇಲೆ ಬೆಂಗಳೂರಿಗೆ ಬಂದು ಮೊದಲು ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ಹತ್ತು ವರ್ಷ ಇದ್ದರು. ನಮ್ಮಲ್ಲಿ ಕೂಲೆಂಟ್ ಅಂದರೆ ಇಂಜಿನ್ ಕಾಯದಂತೆ ರೇಡಿಯೇಟರಿಗೆ ಹಾಕುವ ಬಣ್ಣದ ನೀರು. ಅಲ್ಲಿ ಕೂಲೆಂಟ್ ಬೇರೆಯೇ, ಕಬ್ಬಿಣ ಕೊರೆಯುವಾಗ ಉಳಿಯ ಮೇಲೆ ಸುರಿಯುವ ಹಾಲಿನಂಥ ನೀರು. ಇಂಗ್ಲಿಷ್ ಓದಲು ಅವರು ಕಲಿತದ್ದೂ ಅಲ್ಲಿಯ ಡ್ರಮ್ಮುಗಳ ಮೇಲಿನ ಅಕ್ಷರ ನೋಡಿಯೇ. ಒಮ್ಮೆ ಯಾರೋ ಒಂದು ಡ್ರಮ್ಮಿನ ಎಣ್ಣೆ ಇನ್ನೊಂದಕ್ಕೆ ಸುರಿದು ದೊಡ್ಡ ಮಿಷನ್ನೊಂದು ಕೆಟ್ಟು ಕೂತಿತಂತೆ. ಸುರಿದವನು ಬಣ್ಣ ಒಂದೇ ಇತ್ತು ಅಂದನಂತೆ. ಆ ಮಾತನ್ನು ಮೇಸ್ತ್ರಿ ನನಗೆ ನೂರು ಸಲ ಹೇಳಿರಬೇಕು.

ಕಸ್ಟಮರುಗಳಿಗೂ ಹೇಳುತ್ತಿದ್ದರು. ನಮ್ಮ ಕಡೆಯ ಕಸ್ಟಮರ್ ಹೇಗಿರುತ್ತಾರೆ ಅಂತ ಗೊತ್ತಲ್ಲ, ಕೊರಳಲ್ಲಿ ಆಫೀಸಿನ ಕಾರ್ಡು, ಕಿವಿಯಲ್ಲಿ ಮೀಟಿಂಗು. ಒಬ್ಬಾತ ಆನ್‌ಲೈನಿನಲ್ಲಿ ತರಿಸಿದ ಹಸಿರು ಕೂಲೆಂಟಿನ ಬಾಟಲಿ ಹಿಡಿದು ಬಂದ. ಕಾರಿನಲ್ಲಿ ಇದ್ದದ್ದೂ ಹಸಿರೇ, ಸುಮ್ಮನೆ ಮೇಲಿಂದ ಸುರಿದುಬಿಡಿ ಅಂದ. ಮೇಸ್ತ್ರಿ ಬಾಟಲಿ ಈಸಿಕೊಂಡು, ಹಿಂದುಮುಂದು ತಿರುಗಿಸಿ, ಪುಸ್ತಕ ತೆಗೆದು, ಬೆರಳಿಟ್ಟು ಓದಲು ಕೂತರು. ಆತ ಎರಡು ಸಲ ವಾಚ್ ನೋಡಿದ. ಕೊನೆಗೆ ಮೇಸ್ತ್ರಿ ಬಾಟಲಿಯನ್ನು ಆತನ ಕೈಗೇ ವಾಪಸ್ ಕೊಟ್ಟು ಹೇಳಿದರು: “ಬಣ್ಣ ಅಂಗಡ್ಯಾಂವ ಹಾಕಿದ್ದು ರೀ. ಒಳಗಿನ ಮಸಾಲಿ ಬ್ಯಾರೆ ಐತಿ. ಇವೆರಡೂ ಕೂಡಿದ್ರ ಗಂಜಿ ಆಗಿ ನಳಗಿ ಕಟ್ಟತೈತಿ. ನಾ ಹಾಕಂಗಿಲ್ಲ.”

ಆತ ನನ್ನ ಮುಖ ನೋಡಿದ. ಈ ಮುದುಕ ಏನ್ರೀ ಹೇಳೋದು ಅನ್ನುವ ನೋಟ. ನಾನು ಆತನನ್ನು ಪಕ್ಕಕ್ಕೆ ಕರೆದು ಸಮಾಧಾನ ಮಾಡಿದೆ, ಮೇಸ್ತ್ರಿ ಸ್ವಲ್ಪ ಹಳೇ ಕಾಲದವರು ಅಂದೆ. ಅವರಿಗೆ ಕೇಳಿಸುವ ಹಾಗೆಯೇ ಅಂದೆ. ಅವರು ಸರಿ ಇದ್ದರು, ನನಗೆ ಗೊತ್ತಿತ್ತು. ನಾನೂ ಐಟಿಐ ಓದಿದವನೇ.

ನೀರಿನ ವಿಷಯದಲ್ಲಂತೂ ಅವರ ಕಾಟ ಹೇಳತೀರದು. ಬೇಸಿಗೆಯಲ್ಲಿ ನಮ್ಮ ಕಡೆ ಟ್ಯಾಂಕರ್ ನೀರೇ ಗತಿ. ಬಿಸಿ ಮಾಡಿದರೆ ಪಾತ್ರೆಯ ತಳಕ್ಕೆ ಸುಣ್ಣದ ಪೊರೆ ಕಟ್ಟುವ ನೀರು. ಕೂಲೆಂಟಿನ ಮಟ್ಟ ಇಳಿದಿದೆ ಅಂತ ಯಾರಾದರೂ ಅದನ್ನು ಒಂದು ಚೊಂಬು ರೇಡಿಯೇಟರಿಗೆ ಸುರಿದರೆ ಮೇಸ್ತ್ರಿಗೆ ಕೆಂಡದಂಥ ಕೋಪ. ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನ್ ಒಂದನ್ನು ತಮ್ಮ ಪೆಟ್ಟಿಗೆಯ ಪಕ್ಕ ಬೀಗ ಹಾಕಿ ಇಟ್ಟುಕೊಂಡಿದ್ದರು. ಕುಡಿಯುವ ನೀರು ಖಾಲಿಯಾದ ದಿನ ನಾವು ಅವರನ್ನು ಕೆಣಕುತ್ತಿದ್ದೆವು, ಮೇಸ್ತ್ರಿ, ಕಾರಿಗೆ ಮಿನರಲ್ ವಾಟರು, ನಮಗೆ ಟ್ಯಾಂಕರಾ ಅಂತ. ನಿಮಗ ಹೊಟ್ಟಿ ಐತಿ, ಅದಕ ಹೊಟ್ಟಿ ಇಲ್ಲ ಅನ್ನುತ್ತಿದ್ದರು. ಅರ್ಥವಾಗುತ್ತಿರಲಿಲ್ಲ, ಆದರೂ ನಗು ಬರುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಅವರ ಚೀಟಿ. ಕೆಲಸ ಮುಗಿದ ಮೇಲೆ ಬಿಳಿ ರಟ್ಟಿನ ತುಂಡೊಂದನ್ನು ಕತ್ತರಿಸಿ, ಪೆನ್ಸಿಲಿನಲ್ಲಿ ಮೂರು ಸಾಲು ಬರೆದು, ಬಾನೆಟ್ಟಿನೊಳಗಿನ ಕೂಲೆಂಟ್ ಬಾಟಲಿಯ ಕತ್ತಿಗೆ ಹತ್ತಿಯ ದಾರದಲ್ಲಿ ಕಟ್ಟುತ್ತಿದ್ದರು. ಮೊದಲ ಸಾಲಿನಲ್ಲಿ ಯಾವ ಕೂಲೆಂಟ್. ಎರಡನೆಯದರಲ್ಲಿ ಯಾವ ಗೇರ್ ಆಯಿಲ್, ಯಾವ ತಾರೀಖು, ತಾರೀಖು ಕನ್ನಡ ಅಂಕಿಯಲ್ಲೇ. ಮೂರನೆಯ ಸಾಲು ಯಾವಾಗಲೂ ಒಂದೇ: ‘ನೋಡಿ ಹಾಕೀನಿ.’ ಅದರ ಕೆಳಗೆ ಅವರ ರುಜು. ದಾರದ ಗಂಟು ಮಗ್ಗದ ಮೇಲೆ ಹರಿದ ನೂಲು ಸೇರಿಸುವ ನೇಕಾರರ ಗಂಟು. ಸಾಸಿವೆ ಕಾಳಿನಷ್ಟು ಸಣ್ಣದು, ಎಳೆದಷ್ಟೂ ಬಿಗಿಯಾಗುತ್ತದೆ. ಅಪ್ಪ ಕಲಿಸಿದ್ದು, ಬೇರೇನೂ ಆಸ್ತಿ ಬಿಡಲಿಲ್ಲ ಅಂತ ಒಮ್ಮೆ ಹೇಳಿದ್ದರು.

ಆ ಚೀಟಿಗೆ ಬೆಲೆ ಇತ್ತು. ಕಾರು ಮಾರುವವರು ‘ಮೇಸ್ತ್ರಿ ಚೀಟಿ ಇದೆ ನೋಡಿ’ ಅಂತ ಬಾನೆಟ್ ಎತ್ತಿ ತೋರಿಸುತ್ತಿದ್ದರು. ಅವರ ಬಳಿ ಇದ್ದದ್ದೆಲ್ಲ ಅದೇ. ಸಂಬಳ ಎಲ್ಲರಷ್ಟೇ, ಸರ್ಟಿಫಿಕೇಟ್ ಒಂದೂ ಇಲ್ಲ. ಆ ಮೂರನೆಯ ಸಾಲನ್ನು ಜನ ನಂಬುತ್ತಿದ್ದರು, ಅಷ್ಟೇ ಅವರ ಗಳಿಕೆ. ನಾನು ಕೈ ಹಾಕಿದ್ದು ಅದಕ್ಕೇ.

ಶುರುವಾದದ್ದು ಓನರ್ ತರಿಸಿದ ಡ್ರಮ್ಮಿನಿಂದ. ದೊಡ್ಡ ನೀಲಿ ಡ್ರಮ್ಮು, ಒಳಗೆ ಕೆಂಪು ಎಣ್ಣೆ. ಎಲ್ಲ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಇದೊಂದೇ ಸಾಕು ಅಂತ ಮಾರಲು ಬಂದವನು ಹೇಳಿದ್ದನಂತೆ. ಒಂದೊಂದು ಕಾರಿಗೆ ಒಂದೊಂದು ಡಬ್ಬಿ ಹುಡುಕುವ ತಲೆನೋವು ತಪ್ಪಿತಲ್ಲ ಅಂತ ನನಗೂ ಖುಷಿಯೇ. ಮೇಸ್ತ್ರಿ ಎರಡು ಬೆರಳ ಮಧ್ಯೆ ಒಂದು ಹನಿ ಉಜ್ಜಿ, ಮೂಸಿ, ಡ್ರಮ್ಮಿನ ಮೇಲಿನ ಅಕ್ಷರ ಬೆರಳಿಟ್ಟು ಓದಿ, ಎದ್ದು ಸೀಮೆಸುಣ್ಣ ತಂದು ಅದರ ಹೊಟ್ಟೆಯ ಮೇಲೆ ದೊಡ್ಡದಾಗಿ ಬರೆದರು: ‘ಇದು ಎಲ್ಲಕ್ಕೂ ಅಲ್ಲ.’ ಓನರ್ ನೋಡಿ ಅಳಿಸಿ ಹಾಕಿಸಿದರು. ಸೋಮವಾರ ಮತ್ತೆ ಅದೇ ಅಕ್ಷರ. ಹೀಗೆ ಎಷ್ಟೋ ವಾರ ನಡೆಯಿತು. ನಮಗದು ತಮಾಷೆ.

ಉಕ್ಕಿನ ಪಟ್ಟಿಯೊಂದು ಎರಡು ರಾಟೆಗಳ ಮೇಲೆ ಓಡುವ ಗೇರ್‌ಬಾಕ್ಸ್ ಇರುತ್ತದೆ, ಸಿವಿಟಿ ಅನ್ನುತ್ತಾರೆ. ಅದಕ್ಕೆ ಅದರದೇ ಎಣ್ಣೆ ಬೇಕು. ಮಾಮೂಲಿ ಆಟೋಮ್ಯಾಟಿಕ್ಕಿನ ಎಣ್ಣೆ ಹಾಕಿದರೆ ಪಟ್ಟಿಗೆ ಹಿಡಿತ ಸಿಗದೆ ಜಾರುತ್ತದೆ, ಜಾರಿ ಜಾರಿ ಸವೆಯುತ್ತದೆ. ನಮ್ಮ ಡ್ರಮ್ಮಿನಲ್ಲಿ ಇದ್ದದ್ದು ಮಾಮೂಲಿಯದು. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಗೊತ್ತಿತ್ತು.

ಒಂದು ಶನಿವಾರ ಅಂಥ ಕಾರೊಂದು ಬಂತು. ಮಾರತ್ತಹಳ್ಳಿಯ ಒಬ್ಬ ಮೇಡಂ ಅವರದು, ವರ್ಷಗಳಿಂದ ನಮ್ಮ ಕಸ್ಟಮರ್. ಬೆಳಿಗ್ಗೆಯೇ ಮೇಸ್ತ್ರಿ ಹಳೆಯ ಎಣ್ಣೆ ಇಳಿಸಿದ್ದರು. ಸ್ಟೋರಿನಲ್ಲಿ ನೋಡಿದರೆ ಆ ಗೇರ್‌ಬಾಕ್ಸಿನ ಎಣ್ಣೆಯ ಡಬ್ಬಿ ಖಾಲಿ. ಸೋಮವಾರ ಬರುತ್ತದೆ, ಕಾರು ಇಲ್ಲೇ ನಿಲ್ಲಲಿ ಅಂದರು. ಆಯಿತು ಅಂದೆ. ಅವರು ವರ್ತೂರಿನಲ್ಲಿ ಕೆಟ್ಟು ನಿಂತ ಯಾರದೋ ಗಾಡಿ ನೋಡಲು ಹೊರಟರು. ಅಷ್ಟರಲ್ಲಿ ಮೇಡಂ ಫೋನು. ನಾಳೆ ಊರಿಗೆ ಹೋಗಬೇಕು, ಇವತ್ತೇ ಕೊಡ್ತೀನಿ ಅಂದಿದ್ರಲ್ಲ ಅಂತ. ಹೌದು, ಅಂದಿದ್ದೆ. ಹಿಂದೆಯೇ ಓನರ್ ಫೋನು, ಡ್ರಮ್ಮು ಇದೆಯಲ್ಲಪ್ಪ, ನೀವೆಲ್ಲ ಯಾಕೆ ಪರದಾಡ್ತೀರಿ ಅಂತ. ನಾನು ತೋಳು ಮಡಚಿ, ಕಾರಿನಡಿಗೆ ಹೋಗಿ, ಆ ಕೆಂಪು ಎಣ್ಣೆಯನ್ನು ನನ್ನ ಕೈಯಾರೆ ತುಂಬಿದೆ.

ಸಂಜೆ ಮೇಡಂ ಬಂದರು. ಬಾನೆಟ್ ಎತ್ತಿ ನೋಡಿ, “ಎಲ್ಲಿ, ಮೇಸ್ತ್ರಿ ಚೀಟಿ ಕಟ್ಟಿಲ್ವಲ್ಲ?” ಅಂದರು.

ಒಂದು ನಿಮಿಷ ಮೇಡಂ, ಅಂದೆ. ಒಳಗೆ ಹೋಗಿ ಅವರ ಪೆಟ್ಟಿಗೆಯಿಂದಲೇ ರಟ್ಟು ತೆಗೆದೆ. ದಿನಾ ನೋಡಿದ ಅಕ್ಷರ, ಕೈಗೆ ಸಲೀಸಾಗಿ ಬಂತು. ಸರಿಯಾದ ಎಣ್ಣೆಯ ಹೆಸರು ಬರೆದೆ, ಕನ್ನಡ ಅಂಕಿ ಬರೆದೆ, ಮೂರನೆಯ ಸಾಲೂ ಬರೆದೆ, ರುಜುವಿನ ಬಾಲವನ್ನೂ ಎಳೆದೆ. ಎಷ್ಟು ಚೆನ್ನಾಗಿ ಬಂದಿದೆ ಅಂತ ಒಳಗೊಳಗೇ ಖುಷಿಪಟ್ಟೆ ಕೂಡ, ಥೂ. ಗಂಟು ಮಾತ್ರ ನನಗೆ ಬರುತ್ತಿರಲಿಲ್ಲ. ಶೂ ಲೇಸ್ ಕಟ್ಟಿದ ಹಾಗೆ ಕಟ್ಟಿದೆ. ಮೇಡಂ ಓದಿಕೊಂಡು, ತೃಪ್ತಿಯಾಗಿ, ಹೊರಟರು. ವರ್ತೂರಿನಿಂದ ಬಂದ ಮೇಸ್ತ್ರಿ ಕಾರೆಲ್ಲಿ ಅಂದಾಗ ಡಬ್ಬಿ ಹೊರಗಿನಿಂದ ತರಿಸಿದೆ, ನಾನೇ ಹಾಕಿದೆ ಅಂದೆ. ಅವರು ನಂಬಿದರು. ಅದಾದರೂ ಒಳ್ಳೇದಾತು ಬಿಡ್ರಿ ಅಂದು ಕೈ ತೊಳೆಯಲು ಹೋದರು.

ಕೆಲವು ತಿಂಗಳಾದ ಮೇಲೆ ಆ ಕಾರು ಮಾರತ್ತಹಳ್ಳಿ ಸೇತುವೆಯ ಏರಿನಲ್ಲಿ ನಡುಗಿ ನಡುಗಿ ನಿಂತುಬಿಟ್ಟಿತು. ಹಿಂದೆ ಬಸ್ಸುಗಳ ಸಾಲು, ಒಳಗೆ ಮೇಡಂ ಒಬ್ಬರೇ. ಎಳೆದುಕೊಂಡು ಬಂದು ಬಿಚ್ಚಿದರೆ ಗೇರ್‌ಬಾಕ್ಸ್ ಪೂರ್ತಿ ಹೋಗಿತ್ತು, ಎಣ್ಣೆ ಸುಟ್ಟ ವಾಸನೆ ಹೊಡೆಯುತ್ತಿತ್ತು. ಮೇಡಂ ಆ ಚೀಟಿಯನ್ನು ದಾರದ ಸಮೇತ ಬಾಟಲಿಯಿಂದ ಎಳೆದುಕೊಂಡು ಸೀದಾ ಓನರ್ ಮೇಜಿನ ಮೇಲೆ ಇಟ್ಟರು. ಇವರನ್ನು ನಂಬಿ ಬರುತ್ತಿದ್ದೆ ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿಯನ್ನು ಕರೆಸಿದರು. ಅವರು ಮೊದಲು ಎಣ್ಣೆಯನ್ನು ಬೆರಳ ಮೇಲೆ ಉಜ್ಜಿ ನೋಡಿದರು, ಇದು ಡ್ರಮ್ಮಿಂದು ಅಂದರು. ಆಮೇಲೆ ಚೀಟಿ ಎತ್ತಿಕೊಂಡರು. ಬಹಳ ಹೊತ್ತು ನೋಡಿದರು. ಅಕ್ಷರವನ್ನಲ್ಲ, ಬಾಟಲಿಯ ಕತ್ತಿಗೆ ಹಾಕಿದ್ದ ದಾರವನ್ನು. ನನ್ನ ಗಂಟು ಸಡಿಲವಾಗಿ ಹಾಗೇ ಇತ್ತು.

“ಅಕ್ಷರ ನನ್ನಂಗ ಅದಾವ. ಗಂಟು ನಂದಲ್ಲ ರೀ,” ಅಂದರು ಓನರಿಗೆ. ಆವತ್ತು ತಾವು ವರ್ತೂರಿಗೆ ಹೋದದ್ದು, ಡಬ್ಬಿ ತರಿಸಿ ಹಾಕಿದೆ ಅಂತ ನಾನು ಅಂದದ್ದು, ಎಲ್ಲ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀವರ ಹೇಳ್ರಿ ಸರ್. ಇದು ನಾ ಬರದದ್ದೇನು?”

ನನಗಾಗ ಯಾವ ಕಷ್ಟವೂ ಇರಲಿಲ್ಲ. ಮನೆಯಲ್ಲಿ ಕಾಯಿಲೆಯವರಿರಲಿಲ್ಲ, ಸಾಲವಿರಲಿಲ್ಲ. ಇದನ್ನು ಬರೆಯುವಾಗ ಅಂಥದ್ದೇನಾದರೂ ಇತ್ತೇ ಎಂದು ತಡಕಾಡಿದೆ, ಸಿಗಲಿಲ್ಲ. ಮ್ಯಾನೇಜರ್ ಮಾಡುತ್ತೇನೆಂದು ಓನರ್ ಮಾತು ಕೊಟ್ಟಿದ್ದರು, ಅಷ್ಟೇ. ನಾನು ನೆಲ ನೋಡುತ್ತ ಹೇಳಿದೆ: “ಅಕ್ಷರ ನಿಮ್ಮದೇ ಕಾಣುತ್ತಲ್ಲ, ಮೇಸ್ತ್ರಿ.”

ಅವರು ಚೀಟಿಯನ್ನು ಮೇಜಿನ ಮೇಲೆ ವಾಪಸ್ ಇಟ್ಟರು. ಡ್ರಮ್ಮು ತರಿಸಿದ್ದು ತಾನೇ ಎಂದು ಓನರಿಗೂ ಗೊತ್ತಿತ್ತು. ಆದರೆ ಮೇಡಂ ಎದುರಿಗೆ ಒಂದು ತಲೆ ಉರುಳಿಸಬೇಕಿತ್ತು. ‘ಗಂಟು ತೋರಿಸಿ ನಾನು ಕಸ್ಟಮರಿಗೆ ಕಥೆ ಹೇಳ್ಲಾ?’ ಅಂದರು ಓನರ್. ಅದೇ ವಾರ ಮೇಸ್ತ್ರಿಯನ್ನು ಕೆಲಸದಿಂದ ಬಿಡಿಸಿದರು. ಗುಜರಿಗೆ ಹೋದ ಕಾರುಗಳಿಂದ ಮೇಸ್ತ್ರಿ ಕೂಡಿಟ್ಟಿದ್ದ ಪುಸ್ತಕಗಳ ಒಂದು ಟ್ರಂಕು ಇತ್ತು. ಒಂದೇ ಸಲಕ್ಕೆ ಎತ್ತಲಾಗದೆ ಪುಸ್ತಕಗಳನ್ನು ಎರಡು ಪಾಲು ಮಾಡಿ, ಬಸ್ಸಿನಲ್ಲಿ ಎರಡು ಸಲ ಓಡಾಡಿ ಒಯ್ದರು. ಎರಡನೆಯ ಸಲ ಬಂದಾಗ ನಾನು ಸ್ಟೋರಿನೊಳಗೆ ಹೋಗಿ ಏನೋ ಹುಡುಕುತ್ತಿರುವವನ ಹಾಗೆ ನಿಂತಿದ್ದೆ.

ಸುದ್ದಿ ಬೇಗ ಹಬ್ಬಿತು. ಮೇಸ್ತ್ರಿ ಚೀಟಿಯಲ್ಲಿ ಒಂದು ಬರೆದು ಒಳಗೆ ಇನ್ನೊಂದು ಹಾಕುತ್ತಿದ್ದರಂತೆ ಅಂತ. ನಮ್ಮ ಹಳೆಯ ಕಸ್ಟಮರುಗಳೇ ಬಂದು ನನ್ನ ಹತ್ತಿರ ಹೇಳುತ್ತಿದ್ದರು, ನೋಡಿ ಸಾರ್, ಯಾರನ್ನ ನಂಬೋದು ಅಂತ. ನಾನು ತಲೆಯಾಡಿಸುತ್ತಿದ್ದೆ. ದೊಡ್ಡ ವರ್ಕ್‌ಶಾಪುಗಳು ಯಾವುವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಕಾಡುಗೋಡಿಯಲ್ಲಿ, ಬಾಡಿಗೆ ರೂಮುಗಳ ಸಾಲಿನ ಕೊನೆಗೆ, ತಗಡು ಹೊದಿಸಿದ ಒಂದು ಮೂಲೆ ಹಿಡಿದು ಆಟೋ, ಸ್ಕೂಟರ್ ನೋಡಿಕೊಂಡು ಇದ್ದಾರೆ ಅಂತ ಕೇಳಿದೆ. ನಾನು ಮ್ಯಾನೇಜರ್ ಆದೆ.

ಮ್ಯಾನೇಜರ್ ಆದ ಮೇಲೆ ಕಾರು ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡ್, ಅದೂ ಸಿವಿಟಿ. ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸುವ ಸಮಯ ಬಂತು. ನನ್ನದೇ ವರ್ಕ್‌ಶಾಪು, ನನ್ನ ಕೈಕೆಳಗೆ ಅಷ್ಟು ಜನ, ಮೂಲೆಯಲ್ಲಿ ಹೊಸ ಡ್ರಮ್ಮು. ಆದರೂ ನನ್ನ ಕಾರನ್ನು ಅಲ್ಲಿ ಬಿಡಲು ಮನಸ್ಸು ಬರಲಿಲ್ಲ. ಊರವರ ಕಾರಿಗೆ ಸುರಿಸುವವನಿಗೆ ತನ್ನ ಕಾರಿಗೆ ಸುರಿಸಲು ಹೆದರಿಕೆ! ವಾರಗಟ್ಟಲೆ ಮುಂದೆ ಹಾಕಿ, ಕೊನೆಗೊಂದು ಭಾನುವಾರ ಕಾಡುಗೋಡಿಗೆ ಹೋದೆ. ಮಾಫಿ ಕೇಳಲು ಹೋದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ ಹೋದದ್ದು ಎಣ್ಣೆ ಬದಲಾಯಿಸಲು.

ಮೇಸ್ತ್ರಿ ತುಂಬ ಸೊರಗಿದ್ದರು. ಖಾಕಿ ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ನನ್ನನ್ನು ನೋಡಿ ಬರ್ರಿ ಅಂದರು, ಹೊಸ ಗಿರಾಕಿಗೆ ಅನ್ನುವ ಹಾಗೆ. ಕೂಲೆಂಟೂ ಗೇರ್ ಆಯಿಲೂ ಎರಡೂ ಬದಲಾಯಿಸಬೇಕು ಅಂದೆ. ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದು ಪುಸ್ತಕ ತೆಗೆದರು, ಬೆರಳು ಒರೆಸಿಕೊಂಡರು, ಓದಲು ಕೂತರು. ಅದೇ ಅರ್ಧ ಗಂಟೆ. ಈ ಸಲ ನಾನು ಗಡಿಯಾರ ನೋಡಲಿಲ್ಲ. ಒಂದು ಚೀಲ ಹಿಡಿದು ತಾವೇ ಮೆಟ್ರೋ ಹತ್ತಿರದ ಅಂಗಡಿಗೆ ನಡೆದು ಹೋಗಿ ಬಂದರು. ನಾನೇ ಹೋಗಿ ತರ್ತೀನಿ ಅಂದರೆ ಬ್ಯಾಡ ಅಂದರು. ಅವರು ಕಾರಿನಡಿಗೆ ಹೋದಾಗ ನನಗೆ ನಿಲ್ಲಲಾಗಲಿಲ್ಲ. ಬೆನ್ನು ಹಾಕಿ, ರಸ್ತೆ ಕಡೆ ಮುಖ ಮಾಡಿ, ಯಾರೂ ಮಾಡದಿದ್ದ ಫೋನನ್ನು ಕಿವಿಗೆ ಹಿಡಿದುಕೊಂಡು ನಿಂತೆ. ಹೇಳಬೇಕಾದ ಮಾತನ್ನು ನಾಲ್ಕು ಥರ ಜೋಡಿಸಿದೆ.

ಮುಗೀತು ರೀ ಅಂದರು. ತಿರುಗಿ ನೋಡಿದರೆ ಕೂಲೆಂಟ್ ಬಾಟಲಿಯ ಕತ್ತಿಗೆ ಹತ್ತಿಯ ದಾರ ಕಟ್ಟಿತ್ತು. ಸಾಸಿವೆ ಕಾಳಿನಷ್ಟು ಗಂಟು. ದಾರದ ಇನ್ನೊಂದು ತುದಿಯಲ್ಲಿ ಏನೂ ಇರಲಿಲ್ಲ.

“ಚೀಟಿ?” ಅಂದೆ.

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಚೀಟಿ ನೀವ ಬರಕೊಳ್ರಿ ಸರ್,” ಅಂದರು. “ನನ್ನ ಅಕ್ಷರ ನಿಮಗ ಬರತಾವಲ್ಲ.”

ಆಮೇಲೆ ನಾನು ಅವರನ್ನು ನೋಡಲಿಲ್ಲ. ಗುಂಪಿನಲ್ಲಿ ಸುದ್ದಿ ಬಂದಾಗ ಮಣ್ಣೂ ಆಗಿಹೋಗಿತ್ತು, ಊರಿಗೆ ಒಯ್ದರಂತೆ. ಮೇಡಂ ಈಗಲೂ ಮಾರತ್ತಹಳ್ಳಿಯಲ್ಲೇ ಇದ್ದಾರೆ, ಅವರ ನಂಬರ್ ನನ್ನ ಫೋನಿನಲ್ಲಿದೆ. ಅವರಿಗೂ ಹೇಳಿಲ್ಲ.

ಮೊನ್ನೆ ನನ್ನ ಕಾರಿನ ಕೂಲೆಂಟ್ ಮಟ್ಟ ಇಳಿದಿತ್ತು. ನಮ್ಮ ಹೊಸ ಮೆಕ್ಯಾನಿಕ್ ಬಾನೆಟ್ ಎತ್ತಿ, ಇದರಲ್ಲಿ ಯಾವುದು ಇದೆ ಸಾರ್, ಈ ದಾರ ಯಾತಕ್ಕೆ ಅಂತ ಕೇಳಿದ. ನಾನು ಹೇಳ್ತೀನಿ ಇರಪ್ಪ ಅಂತ ಕ್ಯಾಬಿನ್ನಿಗೆ ಬಂದು, ಬಾಗಿಲು ಹಾಕಿಕೊಂಡು, ಒಂದು ರಟ್ಟು ಕತ್ತರಿಸಿದೆ. ಕಾರಿನ ಪುಸ್ತಕ ತೆರೆದೆ. ಅದರಲ್ಲಿ ಇರುವುದನ್ನಲ್ಲದೆ ಬೇರೆಯದನ್ನು ಮೇಸ್ತ್ರಿ ಹಾಕಿರುವುದಿಲ್ಲ, ಅಷ್ಟು ನನಗೆ ಗೊತ್ತು. ಮೊದಲ ಸಾಲು ಬರೆದೆ. ಎರಡನೆಯ ಸಾಲು ಬರೆದೆ, ಕನ್ನಡ ಅಂಕಿಯಲ್ಲಿ ಆ ಭಾನುವಾರದ ತಾರೀಖು ಹಾಕಿದೆ. ಅವರದೇ ಅಕ್ಷರ, ಈಗಲೂ ಸಲೀಸಾಗಿ ಬರುತ್ತದೆ. ಮೂರನೆಯ ಸಾಲಿನ ‘ನೋಡಿ’ಗೆ ಬಂದು ಪೆನ್ಸಿಲ್ ನಿಂತಿತು. ಅವರು ಹಾಕುವಾಗ ನಾನು ನೋಡಿರಲಿಲ್ಲ. ಬೆನ್ನು ತಿರುಗಿಸಿ ನಿಂತಿದ್ದೆ.